ಸಂಬಳವಿಲ್ಲದ ಕುಂಚ

ಕಲಾವಿದರ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳನ್ನು ಓದುವಾಗಲೆಲ್ಲ ನಮಗೆ ಒಂದು ಸಂದೇಹ ಬರುತ್ತದೆ. ಚಿತ್ರಕಾರನ ಹುಟ್ಟೂರು, ಬಾಲ್ಯದ ಬಡತನ, ಇದ್ದಲಿನಿಂದ ಗೋಡೆಯ ಮೇಲೆ ಗೀಚಿದ್ದು, ಗುರು ಸಿಕ್ಕಿದ್ದು, ಪ್ರಶಸ್ತಿ ಬಂದದ್ದು ಎಲ್ಲವೂ ಅಲ್ಲಿರುತ್ತದೆ. ಆದರೆ ಗುರು ಸಿಕ್ಕಿದ ದಿನಕ್ಕೂ ಪ್ರಶಸ್ತಿ ಬಂದ ದಿನಕ್ಕೂ ನಡುವೆ ಇಪ್ಪತ್ತು ವರ್ಷ ಆ ಮನುಷ್ಯ ಮನೆ ಬಾಡಿಗೆ ಹೇಗೆ ಕಟ್ಟಿದ, ಮಕ್ಕಳ ಶಾಲೆಯ ಫೀಜನ್ನು ಯಾವ ದುಡ್ಡಿನಿಂದ ಕೊಟ್ಟ ಎಂಬಲ್ಲಿಗೆ ಬಂದಾಗ ಲೇಖಕರು ‘ಕಲೆಯೇ ಅವರ ಉಸಿರಾಗಿತ್ತು’ ಎಂದು ಬರೆದು ಮುಂದಿನ ಪ್ಯಾರಾಕ್ಕೆ ದಾಟಿಬಿಡುತ್ತಾರೆ. ಗುಮಾಸ್ತಗಿರಿ ಮಾಡಿಕೊಂಡಿರುವ ನಮಗೆ ಕಡತದಲ್ಲಿ ಮುಖ್ಯವಾದ ಹಾಳೆಯೇ ಕಾಣೆಯಾದಂತೆ ಅನಿಸುತ್ತದೆ.

ಇದು ಬರಿಯ ಕುತೂಹಲದ ಮಾತಲ್ಲ. ಹೊರನಾಡಿಗೆ ಬಂದ ನಮ್ಮ ಕುಟುಂಬಗಳೆಲ್ಲ ಸಂಬಳದ ಹಗ್ಗ ಹಿಡಿದೇ ಇಲ್ಲಿಗೆ ಬಂದವು. ವಿಶಾಖಪಟ್ಟಣದ ಒನ್ ಟೌನಿನಲ್ಲಿ ಮನೆ ಮಾಡಿದ ಕನ್ನಡಿಗರನ್ನು ಕೇಳಿ ನೋಡಿ: ಬಂದರು, ರೈಲ್ವೆ, ಬ್ಯಾಂಕು, ಕೇಂದ್ರ ಸರ್ಕಾರದ ಕಚೇರಿ, ಇಲ್ಲವೆ ಹೋಟೆಲು. ಇಂಥ ಮನೆಯಲ್ಲಿ ಮಗನೋ ಮಗಳೋ ‘ನಾನು ಯಾವ ಕಂಪನಿಗೂ ಸೇರುವುದಿಲ್ಲ, ಚಿತ್ರ ಬರೆದೇ ಬದುಕುತ್ತೇನೆ’ ಎಂದರೆ ತಂದೆ ಹೇಳುವ ಮಾತು ಎಲ್ಲರಿಗೂ ಗೊತ್ತು. ‘ಮೊದಲು ಒಂದು ಕೆಲಸ ಅಂತ ಆಗಲಿ, ಚಿತ್ರ ಎಲ್ಲಿಗೆ ಓಡಿಹೋಗುತ್ತದೆ?’ ಮಗು ಅದಕ್ಕೆ ಉತ್ತರ ಕೊಡಲಾರದು, ಏಕೆಂದರೆ ನಮ್ಮ ಪುಸ್ತಕಗಳು ಅದಕ್ಕೆ ಉತ್ತರವನ್ನು ಕಲಿಸಿಲ್ಲ. ಉಸಿರಿನ ಕಥೆ ಕಲಿಸಿವೆ, ಅಷ್ಟೆ.

ಹಾಗಾದರೆ ಉತ್ತರ ಎಲ್ಲಿ ಹುಡುಕಬೇಕು? ನಮ್ಮ ಮಟ್ಟಿಗೆ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಬಾಳಿನಲ್ಲಿ. ಅವರೂ ಹೊರನಾಡ ಕನ್ನಡಿಗರೇ. 1911 ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಸ್ವಲ್ಪ ಕಾಲ ಕಲಿತು, ಮುಂಬಯಿಗೆ ಹೋಗಿ, ಅಲ್ಲಿ ದಂಡಾವತಿಮಠರ ನೂತನ ಕಲಾ ಮಂದಿರದಲ್ಲೂ ಆಮೇಲೆ ಜೆ. ಜೆ. ಕಲಾಶಾಲೆಯಲ್ಲೂ ಓದಿದರು. 1938 ರಲ್ಲಿ ಡಿಪ್ಲೊಮಾ ಆಯಿತು. 1940 ರಿಂದ 1945 ರವರೆಗೆ ಅದೇ ಜೆ. ಜೆ. ಶಾಲೆಯಲ್ಲಿ ಮೇಷ್ಟರಾಗಿದ್ದರು. ಅಲ್ಲಿಂದ ಮುಂದೆ, 1996 ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಐವತ್ತು ವರ್ಷ, ಅವರನ್ನು ಸಾಕಿದ್ದು ಅವರ ಚಿತ್ರಗಳು.

ಕೆಲಸ ಬಿಟ್ಟಾಗ ಅವರಿಗೆ ಮೂವತ್ತನಾಲ್ಕು ವರ್ಷ. ಇದನ್ನು ಓದುಗರು ಗಮನಿಸಬೇಕು. ಹೆಬ್ಬಾರರು ಇಪ್ಪತ್ತರ ಹುಮ್ಮಸ್ಸಿನಲ್ಲಿ ರಾಜೀನಾಮೆ ಬಿಸಾಡಿದವರಲ್ಲ. ಕೈ ಪಳಗಿತ್ತು, ಮುಂಬಯಿಯ ಕಲಾವಲಯದಲ್ಲಿ ಹೆಸರು ತಿಳಿದಿತ್ತು, ಐದು ವರ್ಷ ಪಾಠ ಹೇಳಿ ತನಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದರ ಅಂದಾಜೂ ಆಗಿದ್ದಿರಬೇಕು. ಊರಾದರೂ ಸಾಮಾನ್ಯವಾದದ್ದೇ? ಯೂರೋಪಿನಲ್ಲಿ ಹಿಟ್ಲರನ ಕಾಟಕ್ಕೆ ಊರು ಬಿಟ್ಟು ಬಂದ ಲ್ಯಾಂಗ್‌ಹ್ಯಾಮರ್, ಶ್ಲೆಸಿಂಗರ್ ಮೊದಲಾದವರು ಮುಂಬಯಿಯಲ್ಲಿ ನೆಲೆಸಿ ಭಾರತೀಯ ಹೊಸ ಚಿತ್ರಕಾರರಿಗೆ ಬೆನ್ನಾಗಿ ನಿಂತ ಕಾಲ ಅದು. ಮುಂದೆ ಏರ್ ಇಂಡಿಯಾದಂಥ ಸಂಸ್ಥೆಗಳು ಚಿತ್ರ ಕೊಂಡವು. ನಾವು ವಿಜ್ಞಾನ ಓದಿದವರಾದ್ದರಿಂದ ಇದನ್ನು ಹೇಳುವಾಗ ಒಂದಿಷ್ಟು ಹೆಮ್ಮೆ: ಹೋಮಿ ಭಾಭಾ ಅವರು ಪರಮಾಣು ಸಂಶೋಧನೆಗೆಂದು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋಡೆಗಳಿಗಾಗಿ ಚಿತ್ರಗಳನ್ನು ಆರಿಸಿ ಕೊಂಡರು. ಆ ಸಂಗ್ರಹದಲ್ಲಿ ಹೆಬ್ಬಾರರ ಕೃತಿಗಳೂ ಇವೆ. ಭೌತವಿಜ್ಞಾನಿಗಳು ಓಡಾಡುವ ಪಡಸಾಲೆಯಲ್ಲಿ ಕಟ್ಟಿಂಗೇರಿಯ ಬಣ್ಣ!

ಸಂಬಳಗಾರನಿಗೂ ಸ್ವತಂತ್ರ ಕಲಾವಿದನಿಗೂ ಇರುವ ದೊಡ್ಡ ವ್ಯತ್ಯಾಸ ದುಡ್ಡಿನದೆಂದೇ ಎಲ್ಲರೂ ತಿಳಿದಿದ್ದಾರೆ. ನಮಗೆ ತಿಂಗಳ ಕೊನೆಯ ದಿನ ಸಂಬಳ ಬರುತ್ತದೆ, ಜನವರಿ ಜುಲೈಗಳ ಲೆಕ್ಕಕ್ಕೆ ತುಟ್ಟಿಭತ್ಯೆ ಏರುತ್ತದೆ. ಅವನಿಗೆ ಮಾರ್ಚ್ ತಿಂಗಳಲ್ಲಿ ಬಂದ ಹಣ ನವೆಂಬರ್ ವರೆಗೆ ಸಾಲಬೇಕು. ನಿಜವೇ. (ಆದರೂ 2004 ರ ಜನವರಿಯ ಅನಂತರ ಕೆಲಸಕ್ಕೆ ಸೇರಿದ ನಮ್ಮಂಥವರಿಗೆ ಹಳೆಯ ಪಿಂಚಣಿ ತಪ್ಪಿಹೋದದ್ದನ್ನು ನೆನೆದರೆ ಸರ್ಕಾರಿ ಕೆಲಸದ ಭದ್ರತೆಯ ಮಾತನ್ನೂ ಸ್ವಲ್ಪ ತಗ್ಗಿದ ದನಿಯಲ್ಲೇ ಆಡಬೇಕು.) ಆದರೆ ಹೆಬ್ಬಾರರ ಬಾಳು ಇನ್ನೊಂದು ವ್ಯತ್ಯಾಸವನ್ನು ತೋರಿಸುತ್ತದೆ. ನಮಗೆ ಮುಂದಿನ ಮೆಟ್ಟಿಲು ಯಾವುದೆಂದು ಇಲಾಖೆ ಹೇಳುತ್ತದೆ. ಇಷ್ಟು ವರ್ಷ ಸೇವೆ, ಇಂಥ ಪರೀಕ್ಷೆ, ಆಮೇಲೆ ಬಡ್ತಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಬಡ್ತಿ ಕೊಡುವವರಾರು? ಅವನ ಪರೀಕ್ಷೆಯನ್ನು ಅವನೇ ಗೊತ್ತುಮಾಡಿ, ಅವನೇ ಕಟ್ಟಿ, ಅವನೇ ಅಂಕ ಹಾಕಿಕೊಳ್ಳಬೇಕು. ಮಾಡದಿದ್ದರೆ ಕೇಳುವವರೂ ಇಲ್ಲ. ಗಿರಾಕಿ ಏನು ಕೇಳಿದನೋ ಅದೇ ಗುರಿಯಾಗಿ, ಹೋದ ವರ್ಷ ಮಾರಾಟವಾದ ಚಿತ್ರವೇ ಈ ವರ್ಷವೂ ಹುಟ್ಟುತ್ತದೆ.

ಹೆಬ್ಬಾರರು ತಮಗೆ ತಾವೇ ಹಾಕಿಕೊಂಡ ಪರೀಕ್ಷೆಗಳನ್ನು ನೋಡಿ. 1949 ರಲ್ಲಿ, ಆಗಲೇ ಒಂದು ಕಾಲದ ಮೇಷ್ಟರಾದವರು, ಮೂವತ್ತೆಂಟರ ವಯಸ್ಸಿನಲ್ಲಿ ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ನಾಟ್ಯದ ಲಯ ರೇಖೆಗೆ ಇಳಿಯಬೇಕಾದರೆ ಅದು ಮೊದಲು ಮೈಗೆ ಇಳಿಯಬೇಕು ಎಂದು ಪಂಡಿತ್ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯ ಕಲಿತರು. ಸಂಸಾರವಂದಿಗ ಗಂಡಸು, ನಾಳಿನ ವರಮಾನ ಗೊತ್ತಿಲ್ಲದವನು, ಗೆಜ್ಜೆ ಕಟ್ಟಿ ತತ್ಕಾರ ಹಾಕುವುದೆಂದರೆ ನಮ್ಮ ನೆಂಟರಿಷ್ಟರು ಏನನ್ನುತ್ತಾರೆಂದು ಊಹಿಸಿಕೊಳ್ಳಬಹುದು. ಯಾವ ಗಿರಾಕಿಯೂ ಅದನ್ನು ಅವರಿಂದ ಕೇಳಿರಲಿಲ್ಲ. ಆದರೆ 1964 ರಲ್ಲಿ ‘ಸಿಂಗಿಂಗ್ ಲೈನ್’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದ ಅವರ ರೇಖಾಚಿತ್ರಗಳನ್ನು ಕಂಡವರಿಗೆ ಆ ಕಲಿಕೆಯ ಫಲ ಎಲ್ಲಿ ಹೋಯಿತೆಂದು ಹೇಳಬೇಕಾಗಿಲ್ಲ. ಒಂದೇ ಎಳೆತದಲ್ಲಿ ಹೆಗಲಿನಿಂದ ಹೊರಟ ಗೆರೆ ಸೊಂಟದ ಬಳಿ ಒಂದು ಕ್ಷಣ ತಡೆದು ಪಾದಕ್ಕೆ ಇಳಿಯುತ್ತದೆ. ತಡೆಯುವ ಜಾಗ ಎಲ್ಲಿ ಎಂಬುದು ಕುಣಿದವನಿಗೇ ಗೊತ್ತು.

ಬಣ್ಣದ ಚಿತ್ರಗಳಲ್ಲೂ ಈ ಸ್ವಯಂ ಪರೀಕ್ಷೆ ಕಾಣುತ್ತದೆ. ನಲವತ್ತರ ದಶಕದ ಅವರ ‘ಟು ಮೇಡನ್‌ಹುಡ್’ನಂಥ ಚಿತ್ರಗಳಲ್ಲಿ ಅಜಂತಾ, ಜೈನ ಹಸ್ತಪ್ರತಿ, ರಜಪೂತ ಕಿರುಚಿತ್ರಗಳ ಜೊತೆಗೆ ಗೋಗ್ಯಾನ್ ಮತ್ತು ಅಮೃತಾ ಶೇರ್‌ಗಿಲ್‌ರಿಂದ ಕಲಿತದ್ದೂ ಇದೆ, ನೋಡಲು ಹಿತ, ಗೋಡೆಗೆ ಒಪ್ಪುತ್ತದೆ. ಆ ದಾರಿಯಲ್ಲೇ ಅವರು ಮುಂದುವರಿದಿದ್ದರೆ ವ್ಯಾಪಾರಕ್ಕೆ ತೊಂದರೆಯಿರಲಿಲ್ಲ. ಆದರೆ 1952 ರಲ್ಲಿ ‘ಹಂಗ್ರಿ ಸೋಲ್’ ಬರೆದರು. ಹಸಿವು ಎಂಬುದು ದಿವಾನಖಾನೆಯ ಸೋಫಾದ ಮೇಲೆ ತೂಗುಹಾಕಿಕೊಳ್ಳುವ ವಿಷಯವಲ್ಲ. ಮುಂದೆ ಆಕಾರಗಳು ಕರಗುತ್ತ ಬಂದು, ಬಣ್ಣ ದಪ್ಪವಾಗಿ, ಚಿತ್ರದ ಮೈಯೇ ಒರಟಾಯಿತು. ಹೆಬ್ಬಾರರಿಗೆ ಒಂದು ನಿಶ್ಚಿತ ಶೈಲಿಯಿಲ್ಲ, ಹತ್ತು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ ಎಂಬ ಆಕ್ಷೇಪವುಂಟು. ನಮ್ಮ ಅಭಿಪ್ರಾಯದಲ್ಲಿ ಅದು ಅವರ ಬಾಳಿನ ಅತ್ಯಂತ ದುಬಾರಿ ಗಳಿಕೆ. ಕಲೆಯ ಪೇಟೆಯಲ್ಲಿ ಗುರುತು ಹಿಡಿಯಲು ಬರುವ ಒಂದೇ ಥರದ ಸರಕಿಗೆ ಬೆಲೆ ಹೆಚ್ಚು; ಗುರುತು ಅಳಿಸಿಕೊಂಡು ಹೊಸದಾಗಿ ಆರಂಭಿಸುವವನು ಪ್ರತಿ ಸಲವೂ ಗಿರಾಕಿಗಳನ್ನು ಕಳೆದುಕೊಳ್ಳುವ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ‘ಸ್ವತಂತ್ರ’ ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿ, ಕಚೇರಿಗೆ ಹೋಗದಿರುವುದರಲ್ಲಿ ಅಲ್ಲ.

ಹಾಗೆಂದು ಅವರದೆಲ್ಲವೂ ಒಂದೇ ತೂಕದ್ದು ಎಂದು ನಾವು ಹೇಳುವುದಿಲ್ಲ. ನೃತ್ಯಗಾತಿಯರ ರೇಖಾಚಿತ್ರಗಳಲ್ಲಿ ಕೆಲವು ಕೈಚಳಕದಲ್ಲೇ ಮುಗಿದುಹೋಗುತ್ತವೆ. ಗೆರೆ ಹಾಡುತ್ತದೆ, ಆದರೆ ಹಿಂದೆ ಹಾಡಿದ್ದನ್ನೇ ಹಾಡುತ್ತದೆ. ಬೇಡಿಕೆ ಇದ್ದ ಕಡೆಗೆ ಕೈ ತಾನಾಗಿ ಓಡಿದ ಗುರುತು ಅದು. ಅದೇ ಹೆಬ್ಬಾರರು ಕೋಳಿ ಅಂಕವನ್ನು ಬರೆದಾಗ, ತುಳುನಾಡಿನ ಗದ್ದೆಯ ಬದಿ ನಿಂತ ಮನುಷ್ಯರನ್ನು ಬರೆದಾಗ, ಗೆರೆಗೆ ಒಂದು ಒದ್ದಾಟ ಬರುತ್ತದೆ. ಅಂದವಾಗಿ ಕಾಣಬೇಕೆಂಬ ಆಸೆ ಅಲ್ಲಿಲ್ಲ. ಸಾವಿರ ಮೈಲಿ ದೂರದ ಊರಲ್ಲಿ ಕುಳಿತು ಹುಟ್ಟೂರಿನ ಕೋಳಿಯ ಕಾಲಿನ ಕತ್ತಿಯನ್ನು ನೆನೆಯುವ ಮನಸ್ಸು ಹೊರನಾಡಿನಲ್ಲಿರುವ ನಮಗೆ ಬೇಗ ಅರ್ಥವಾಗುತ್ತದೆಂದು ಕಾಣುತ್ತದೆ.

1956, 57, 58, ಮೂರು ವರ್ಷ ಸತತವಾಗಿ ಲಲಿತಕಲಾ ಅಕಾಡೆಮಿಯ ರಾಷ್ಟ್ರಪ್ರಶಸ್ತಿ, 1961 ರಲ್ಲಿ ಪದ್ಮಶ್ರೀ, 1989 ರಲ್ಲಿ ಪದ್ಮಭೂಷಣ ಅವರಿಗೆ ಬಂದವು. ಇವನ್ನು ಎಲ್ಲರೂ ಬರೆಯುತ್ತಾರೆ. ನಮಗೆ ಇವೆಲ್ಲಕ್ಕಿಂತ ಹೆಚ್ಚಿನದಾಗಿ ಕಾಣುವುದು ಇನ್ನೊಂದು ಸಂಗತಿ. ಮುಂಬಯಿಯಲ್ಲಿ ಚಿತ್ರಪ್ರದರ್ಶನಕ್ಕೆ ತಕ್ಕ ಜಾಗವಿಲ್ಲದಿದ್ದಾಗ ಸರ್ ಕಾವಸ್‌ಜಿ ಜಹಾಂಗೀರರ ಬೆನ್ನುಹತ್ತಿ ಕಲಾಗ್ಯಾಲರಿ ಕಟ್ಟಿಸಿದವರಲ್ಲಿ ಭಾಭಾ ಅವರ ಜೊತೆ ಹೆಬ್ಬಾರರೂ ಒಬ್ಬರು. ಜಹಾಂಗೀರ್ ಆರ್ಟ್ ಗ್ಯಾಲರಿ 1952 ರಲ್ಲಿ ತೆರೆಯಿತು. ತನ್ನ ಅಂಗಡಿ ನಡೆದರೆ ಸಾಕೆಂದು ಕುಳಿತಿರದೆ ಊರಿಗೆ ಒಂದು ಸಂತೆಕಟ್ಟೆಯನ್ನೇ ಕಟ್ಟಿಸಲು ಓಡಾಡಿದ ಕೆಲಸವಿದು. ಅಂದಿನಿಂದ ಇಂದಿನವರೆಗೆ ಎಷ್ಟು ಜನ ಹೆಸರಿಲ್ಲದ ಹುಡುಗರು ಆ ಗೋಡೆಗಳ ಮೇಲೆ ಮೊದಲ ಸಲ ಚಿತ್ರ ತೂಗುಹಾಕಿದ್ದಾರೋ! ಸಂಬಳವಿಲ್ಲದೆ ಬದುಕುವುದಕ್ಕೆ ಒಬ್ಬನ ಕೈ ಗಟ್ಟಿಯಿದ್ದರೆ ಸಾಲದು, ಸುತ್ತಲೂ ಏನಾದರೊಂದು ಕಟ್ಟಡ, ಒಂದು ಏರ್ಪಾಡು ಇರಬೇಕು ಎಂಬುದು ಅವರಿಗೆ ತಿಳಿದಿತ್ತು.

ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲೇ ಹಿರಿಯರಾದ ವೆಂಕಟಪ್ಪನವರ ಬಾಳು ಸಾಕ್ಷಿ. 1886 ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪ 1909 ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು, ಹಿಂತಿರುಗಿ ಮೈಸೂರು ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡಿಕೊಟ್ಟರು, ನೀಲಗಿರಿಯ ಮಂಜನ್ನು ಜಲವರ್ಣದಲ್ಲಿ ಹಿಡಿದರು, ವೀಣೆಯ ಹುಚ್ಚು ಹಿಡಿಸಿಕೊಂಡು ಶೇಷಣ್ಣನವರಲ್ಲಿ ಕಲಿತರು, ಮದುವೆಯಾಗಲಿಲ್ಲ, 1965 ರವರೆಗೆ ಬಾಳಿದರು. ಕನ್ನಡದ ಲೇಖಕರು ಅವರನ್ನು ‘ಕಲಾತಪಸ್ವಿ’ ಎಂದು ಕರೆದು ಕೈಮುಗಿಯುತ್ತಾರೆ. ಆದರೆ ಈ ತಪಸ್ವಿಯೇ ತನ್ನ ದುಡಿಮೆಗೆ ಸಲ್ಲಬೇಕಾದ ಹಣಕ್ಕಾಗಿ ಅರಮನೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು ಎಂಬುದನ್ನು ಹೇಳುವಾಗ ಮಾತ್ರ ಅವರಿಗೆ ಸಂಕೋಚ. ನಮಗೆ ಸಂಕೋಚವಿಲ್ಲ. ಚಿತ್ರಗಾರನ ದುಡಿಮೆಯೂ ದುಡಿಮೆಯೇ, ಅದು ಮಹಾರಾಜರ ಕೃಪೆಯಲ್ಲ ಎಂದು ಆ ಕಾಲದಲ್ಲಿ ಕಾಗದದ ಮೇಲೆ ಬರೆದು ಮುದ್ರೆ ಒತ್ತಿ ಕೇಳಿದವರು ಎಷ್ಟು ಜನ? ಅವರ ಜಲವರ್ಣಗಳಲ್ಲಿ ಒಂದು ಎಲೆಯೂ ಲೆಕ್ಕ ತಪ್ಪದಂತೆ ನಿಂತಿರುತ್ತದೆ; ಆ ಕಟ್ಟುನಿಟ್ಟೇ ವ್ಯವಹಾರದಲ್ಲೂ ಕಂಡಿತು ಎಂದರೆ ತಪ್ಪೇನು? ಆದರೆ ಅವರು ಒಂಟಿ. ಜೊತೆಗೆ ನಿಂತು ಕೇಳುವ ಇನ್ನೊಬ್ಬ ಕಲಾವಿದನಿರಲಿಲ್ಲ, ಕೊಳ್ಳುವ ಇನ್ನೊಂದು ಮನೆಯಿರಲಿಲ್ಲ. ಆಶ್ರಯ ಕೊಟ್ಟ ಬಾಗಿಲೊಂದೇ ಇದ್ದಾಗ ಆ ಬಾಗಿಲಿನ ಜೊತೆ ಜಗಳವಾಡಿದವನು ಎಲ್ಲಿಗೆ ಹೋಗಬೇಕು? ಅವರ ಹೆಸರಿನ ಕಲಾಗ್ಯಾಲರಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಅವರೇ ಇರಲಿಲ್ಲ.

ಮೂರನೆಯ ದಾರಿಯೊಂದು ಮದರಾಸಿನಲ್ಲಿ ತೆರೆಯಿತು. ಅಲ್ಲಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲ ಕೆ. ಸಿ. ಎಸ್. ಪಣಿಕ್ಕರ್, ತಮ್ಮ ಶಿಷ್ಯರು ಓದು ಮುಗಿಸಿ ಚಿತ್ರ ಬಿಟ್ಟು ಯಾವುದಾದರೂ ಕಾರ್ಖಾನೆಯಲ್ಲಿ ವಿನ್ಯಾಸಗಾರರಾಗಿ ಕಳೆದುಹೋಗುವುದನ್ನು ಕಂಡು ಒಂದು ಉಪಾಯ ಹೂಡಿದರು. ಎಲ್ಲರೂ ಕೂಡಿ ಬಾಟಿಕ್ ಬಟ್ಟೆ, ಲೋಹದ ಕೆಲಸ ಮೊದಲಾದ ಕರಕುಶಲ ವಸ್ತುಗಳನ್ನು ಮಾಡಿ ಮಾರುವುದು. ಹೊಟ್ಟೆಗೆ ಅದು, ಉಳಿದ ಹೊತ್ತು ಮನಸ್ಸಿನ ಚಿತ್ರಕ್ಕೆ. ಹೀಗೆ ಮಾರಿ ಬಂದ ಹಣದಿಂದಲೇ ಸಮುದ್ರತೀರದಲ್ಲಿ ಜಾಗ ಕೊಂಡು 1966 ರಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಕಟ್ಟಿದರು. ಮೈಸೂರಿನಲ್ಲಿ 1941 ರಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಅದರ ಆರಂಭದ ಸದಸ್ಯರಲ್ಲೊಬ್ಬರು. 1988 ರಲ್ಲಿ ಬೆಂಗಳೂರಿಗೆ ಬರುವವರೆಗೂ ಅಲ್ಲೇ ಬೆಳೆದವರು. 1970 ರ ‘ಸಂಸ್ಕಾರ’ ಚಲನಚಿತ್ರಕ್ಕೆ ಕಲಾನಿರ್ದೇಶನ ಮಾಡಿದವರೂ ಅವರೇ.

ಹೊಟ್ಟೆಯ ಕೆಲಸ ಕಲೆಯನ್ನು ಕೆಡಿಸುತ್ತದೆ ಎಂಬ ಮಾತು ವಾಸುದೇವರ ವಿಷಯದಲ್ಲಿ ನಿಲ್ಲುವುದಿಲ್ಲ. ತಾಮ್ರದ ತಗಡನ್ನು ತಟ್ಟಿ ಉಬ್ಬಿಸುವ ಕೆಲಸ, ಬಾಟಿಕ್ಕಿನಲ್ಲಿ ಮೇಣ ಬಿರಿದು ಬಣ್ಣ ಹರಿಯುವ ಗೆರೆ, ಇವೆರಡೂ ಅವರ ಕ್ಯಾನ್ವಾಸಿಗೆ ಹೋಗಿ ಕುಳಿತಿವೆ ಎಂದು ನಮಗೆ ಅನಿಸುತ್ತದೆ. ಬೇಂದ್ರೆಯವರ ಕಾವ್ಯದ ಪ್ರೇರಣೆಯಿಂದ ಬಂದ ಅವರ ‘ವೃಕ್ಷ’ ಮಾಲೆಯ ಮರಗಳಲ್ಲಿ ಬಣ್ಣದ ಮೇಲ್ಪದರವನ್ನು ಕೆರೆದು ಕೆಳಗಿನದನ್ನು ಹೊರತರುವ ರೀತಿ ತಗಡಿನ ಮೇಲೆ ಕೆಲಸ ಮಾಡಿದ ಕೈಗೇ ಒಗ್ಗುವಂಥದು. ವಿಮರ್ಶಕರು ಇದನ್ನು ‘ತಂತ್ರ’ ಎಂದು ಬಿಡುತ್ತಾರೆ. ಅದರ ಹಿಂದೆ ಮಾರಾಟಕ್ಕಾಗಿ ಮಾಡಿದ ಎಷ್ಟೋ ತಗಡುಗಳ ಅಭ್ಯಾಸವಿದೆ ಎಂಬುದನ್ನು ಯಾಕೆ ಹೇಳಬಾರದು?

ಇನ್ನು ನಮ್ಮ ಪಕ್ಕದಲ್ಲೇ ಇದ್ದವರ ಮಾತು. 1947 ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂದ ‘ಚಂದಮಾಮ’ದ ಹೊದಿಕೆಯ ಚಿತ್ರಗಳನ್ನು ನೋಡಿಯೇ ನಮ್ಮಲ್ಲನೇಕರು ರಾಮ, ಭೀಮ, ದ್ರೌಪದಿ ಹೇಗಿದ್ದರೆಂದು ತಿಳಿದುಕೊಂಡೆವು. ಮೊದಲು ಕನ್ನಡಿಗರಾದ ಎಂ. ಟಿ. ವಿ. ಆಚಾರ್ಯರು ಮಹಾಭಾರತವನ್ನು ಬರೆದರು. ಆಮೇಲೆ ವಡ್ಡಾದಿ ಪಾಪಯ್ಯನವರು. ಈ ಪಾಪಯ್ಯನವರು ಹುಟ್ಟಿದ್ದು ಶ್ರೀಕಾಕುಳದಲ್ಲಿ, ಬಾಳಿನ ಕೊನೆಯವರೆಗೆ, 1992 ರವರೆಗೆ, ಇದ್ದದ್ದು ಅನಕಾಪಲ್ಲಿಯ ಹತ್ತಿರದ ಕಶಿಂಕೋಟದಲ್ಲಿ. ನಮ್ಮ ಒನ್ ಟೌನಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಪತ್ರಿಕೆ ಮದರಾಸಿನಲ್ಲಿ, ಚಿತ್ರಕಾರ ಕಶಿಂಕೋಟದಲ್ಲಿ. ತಿಂಗಳಿಗೆ ಸರಿಯಾಗಿ ಚಿತ್ರ ತಲುಪಬೇಕು. ಸ್ವತಂತ್ರ ಕಲಾವಿದನಾಗಲು ಮಹಾನಗರವೇ ಬೇಕೆನ್ನುವವರು ಆ ಊರನ್ನು ಒಮ್ಮೆ ಹೋಗಿ ನೋಡಲಿ. ಮಹಾನಗರ ಬೇಕಾಗಲಿಲ್ಲ ನಿಜ, ಆದರೆ ಪ್ರತಿ ತಿಂಗಳೂ ತಪ್ಪದೆ ಹಣ ಕೊಡುವ ಪತ್ರಿಕೆಯೊಂದು ಬೇಕಾಯಿತು. ಆ ಪತ್ರಿಕೆ ಈಗ ಇಲ್ಲ.

ಈಗಿನ ಕಾಲ ಹೇಗಿದೆ? ಒನ್ ಟೌನಿನ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಪೇಂಟರುಗಳ ಕೆಲಸವನ್ನು ಫ್ಲೆಕ್ಸ್ ನುಂಗಿತು. ಮೀನುಗಾರಿಕೆ ಬಂದರಿನಲ್ಲಿ ದೋಣಿಗಳ ಮೈಮೇಲಿನ ಹೆಸರನ್ನು ಮಾತ್ರ ಕೈಯಲ್ಲೇ ಬರೆಯುವುದನ್ನು ಇನ್ನೂ ಕಾಣಬಹುದು. ಉಪ್ಪುನೀರಿಗೆ ಫ್ಲೆಕ್ಸ್ ತಡೆಯಬೇಡವೇ? ಪತ್ರಿಕೆಗಳಲ್ಲಿ ಕಥೆಗೆ ಚಿತ್ರ ಬರೆಸುವುದು ಕಡಮೆಯಾಯಿತು. ಇತ್ತೀಚೆಗಂತೂ ಯಂತ್ರಕ್ಕೆ ನಾಲ್ಕು ಮಾತು ಹೇಳಿದರೆ ಚಿತ್ರ ಬಂದು ಬೀಳುತ್ತದೆ. ಚಿತ್ರಕಲೆಯನ್ನೇ ನೆಚ್ಚಿಕೊಳ್ಳಬೇಕೆಂದಿರುವ ನಮ್ಮ ಮಕ್ಕಳಿಗೆ ಹೆಬ್ಬಾರರ ಮುಂಬಯಿಯಾಗಲಿ ಪಾಪಯ್ಯನವರ ಚಂದಮಾಮವಾಗಲಿ ಸಿಗಲಾರದು. ಅವರನ್ನು ಒಂಟಿಯಾಗಿ ಬಿಟ್ಟು ‘ತಪಸ್ಸು ಮಾಡಪ್ಪ’ ಎನ್ನುವುದು ಕ್ರೌರ್ಯ.

ಇಲ್ಲಿ ನಮ್ಮಂಥ ಕನ್ನಡ ಸಂಘಗಳ ವಿಷಯಕ್ಕೆ ಬರಲೇಬೇಕು. ರಾಜ್ಯೋತ್ಸವಕ್ಕೆ ಊಟ ಬಡಿಸುವವರಿಗೆ ಹಣ ಕೊಡುತ್ತೇವೆ, ಶಾಮಿಯಾನಾದವರಿಗೆ ಕೊಡುತ್ತೇವೆ, ಧ್ವನಿವರ್ಧಕದವರಿಗೆ ಮುಂಗಡವೇ ಕೊಡುತ್ತೇವೆ. ಸ್ಮರಣ ಸಂಚಿಕೆಯ ಹೊದಿಕೆಗೆ ಭುವನೇಶ್ವರಿಯ ಚಿತ್ರವನ್ನು ಮಾತ್ರ ‘ನಮ್ಮ ಹುಡುಗನೇ ಅಲ್ಲವೇ, ಬರೆದುಕೊಡಪ್ಪ’ ಎಂದು ಬರೆಸುತ್ತೇವೆ, ಮತ್ತು ವೇದಿಕೆಯ ಮೇಲೆ ಒಂದು ಶಾಲು ಹೊದಿಸುತ್ತೇವೆ. ಶಾಲುಗಳಿಂದ ಬಣ್ಣದ ಟ್ಯೂಬು ಕೊಳ್ಳಲಾಗುವುದಿಲ್ಲ. ಇದರಲ್ಲಿ ಒಂದು ತಮಾಷೆಯೂ ಇದೆ, ಅದನ್ನು ಪದಾಧಿಕಾರಿಗಳ ಗಮನಕ್ಕೆ ತರುತ್ತೇವೆ. 1957 ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರದು. ಪುಕ್ಕಟೆಯಾಗಿ ಬರೆಸಿಕೊಂಡರೆ ಹಕ್ಕು ಬರೆದವನ ಕೈಯಲ್ಲೇ ಉಳಿಯುತ್ತದೆ. ಹಾಗಾಗಿ ಅದೇ ಭುವನೇಶ್ವರಿಯನ್ನು ಕ್ಯಾಲೆಂಡರಿಗೂ ಆಮಂತ್ರಣ ಪತ್ರಿಕೆಗೂ ವರ್ಷಗಟ್ಟಲೆ ಕೇಳದೆ ಮುದ್ರಿಸಿಕೊಳ್ಳುವ ಸಂಘಗಳು ಕಾಯಿದೆಯ ಕಣ್ಣಿನಲ್ಲಿ ಎಲ್ಲಿ ನಿಲ್ಲುತ್ತವೆಂದು ಅವರೇ ಯೋಚಿಸಲಿ.

ನಮ್ಮ ಸಲಹೆ ದೊಡ್ಡದೇನಲ್ಲ. ಜಹಾಂಗೀರ್ ಗ್ಯಾಲರಿ ಕಟ್ಟಿ ಎಂದು ಯಾರನ್ನೂ ಕೇಳುತ್ತಿಲ್ಲ. ಆಯವ್ಯಯ ಪಟ್ಟಿಯಲ್ಲಿ ‘ಚಿತ್ರ’ ಎಂದು ಒಂದು ಸಾಲು ಸೇರಿಸುವುದು, ಶಾಮಿಯಾನಾದ ಸಾಲಿನ ಮೇಲೆ. ಒಪ್ಪಿಕೊಂಡ ಹಣದ ಅರ್ಧವನ್ನು ಕೆಲಸ ಹೇಳಿದ ದಿನವೇ ಕೊಡುವುದು. ಯುಗಾದಿಯ ಕಾರ್ಯಕ್ರಮದ ಸಭಾಂಗಣದ ಒಂದು ಗೋಡೆಯನ್ನು ಬ್ಯಾನರಿಗೆ ಕೊಡದೆ ನಮ್ಮ ಮನೆಗಳ ಮಕ್ಕಳ ಚಿತ್ರಗಳಿಗೆ ಬಿಟ್ಟು, ಕೆಳಗೆ ಬೆಲೆಯನ್ನು ನಾಚದೆ ಬರೆಯುವುದು. ಮದುವೆ ಮುಂಜಿಗಳಿಗೆ ಬೆಳ್ಳಿಯ ಕುಂಕುಮಭರಣಿ ಕೊಡುವವರಲ್ಲಿ ನಾಲ್ಕು ಮನೆಯವರಾದರೂ ಆ ಗೋಡೆಯಿಂದ ಒಂದು ಚಿತ್ರವನ್ನು ಕೊಂಡು ಕೊಟ್ಟರೆ ಬರೆದ ಹುಡುಗಿಗೆ ಮುಂದಿನ ಮೂರು ತಿಂಗಳ ಕಾಗದ ಬಣ್ಣ ಆಯಿತು. ಇನ್ನು ಸಂಚಿಕೆಯ ಹೊದಿಕೆಗೆ ಬರೆಸಿದ ಮೂಲಚಿತ್ರವನ್ನು ಅಚ್ಚಾದ ಮೇಲೆ ಬರೆದವರಿಗೆ ಹಿಂತಿರುಗಿಸಿ ರಶೀದಿ ಪಡೆಯಬೇಕು. ಹಿಂದಿನ ವರ್ಷಗಳ ಮೂಲಚಿತ್ರಗಳು ಎಲ್ಲಿವೆ ಎಂದು ನಾವು ವಿಚಾರಿಸಿದಾಗ ಒಬ್ಬರು ಮುದ್ರಣಾಲಯದ ಕಡೆ ಕೈ ತೋರಿಸಿದರು, ಮುದ್ರಣಾಲಯದವರು ಹಿಂದಿನ ಕಾರ್ಯದರ್ಶಿಗಳ ಕಡೆ ಕೈ ತೋರಿಸಿದರು. ಹಿಂದಿನ ಕಾರ್ಯದರ್ಶಿಗಳು ವರ್ಗವಾಗಿ ನಾಗಪುರದಲ್ಲಿದ್ದಾರಂತೆ.